ಹದಿನಾರನೆಯ ಜೋಡಿ

ಮಂಗಳವಾರ ಮಧ್ಯಾಹ್ನ ಎರಡೂವರೆಗೆ ನಾನು ಅಕ್ಕನ ಬೇಕರಿ ಇರುವ ಬೀದಿಯನ್ನು ಮೂರನೆಯ ಸಲ ಸುತ್ತುತ್ತಿದ್ದೆ. ಮೊದಲ ಸುತ್ತಿನಲ್ಲಿ ಒಂದು ಡಜನ್ ಬಟ್ಟೆ ಕ್ಲಿಪ್ಪು ಕೊಂಡಿದ್ದೆ. ಎರಡನೆಯದರಲ್ಲಿ ಚಪ್ಪಲಿಗೆ ಹೊಲಿಗೆ ಹಾಕಿಸಿದ್ದೆ. 'ಎಲ್ಲಿ ಕಿತ್ತಿದೆ ಮೇಡಂ?' ಎಂದು ಹೊಲಿಯುವವನು ಚಪ್ಪಲಿಯನ್ನು ತಿರುಗಿಸಿ ಮುರುಗಿಸಿ ನೋಡಿದ. 'ಕೀಳೋ ಹಾಗಿದೆ, ಹಾಕಿ' ಎಂದೆ. ಹೇಳಬೇಕಾದ ಮಾತೊಂದನ್ನು ನಾಲ್ಕು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವವಳಿಗೆ ಇಂಥ ಕೆಲಸಗಳು ಎಷ್ಟು ಬೇಕಾದರೂ ಸಿಗುತ್ತವೆ.

ಮಾತು ಇಷ್ಟೇ. ಆರು ವಾರದ ಹಿಂದೆ ನಾನು ಅಕ್ಕನಿಗೆ ಫೋನಿನಲ್ಲಿ ಒಂದು ಸುದ್ದಿ ಹೇಳಿದ್ದೆ. ಅದು ತಪ್ಪು ಸುದ್ದಿ. ಅದನ್ನು ನಂಬಿ ಅವಳು ಗಂಡನನ್ನು ಮನೆಯಿಂದ ಹೊರಗೆ ಹಾಕಿದ್ದಾಳೆ. ಬುಧವಾರ ಬೆಳಿಗ್ಗೆ ಆರಕ್ಕೆ ಭಾವ ಡ್ರೈವರ್ ಕೆಲಸಕ್ಕೆ ದೂರದ ಊರಿನ ಲಾರಿ ಹತ್ತುತ್ತಾರೆ, ಒಂದು ವರ್ಷದ ಕರಾರು. ಅದೇ ಬುಧವಾರ ಹನ್ನೊಂದಕ್ಕೆ ಡಾಕ್ಟರು ಸರಿಯಾದ ರಿಪೋರ್ಟನ್ನು ಅಕ್ಕನ ಕೈಗೆ ಕೊಡುತ್ತಾರೆ. ಆರಕ್ಕೂ ಹನ್ನೊಂದಕ್ಕೂ ನಡುವೆ ಐದು ಗಂಟೆ. ಕಾಗದವೇ ಹೇಳಲಿ ಎಂದು ನಾನು ಸುಮ್ಮನಿದ್ದರೆ ಆ ಐದು ಗಂಟೆಯಲ್ಲಿ ಲಾರಿ ಎಲ್ಲಿರುತ್ತದೋ.

ನಾನು ಡಾಕ್ಟರಲ್ಲ. ಅಕ್ಕ ಮಾತ್ರ ಡಾಕ್ಟ್ರಮ್ಮ ಎಂದೇ ಕರೆಯುತ್ತಾಳೆ, ಅರ್ಧ ಹೆಮ್ಮೆ, ಅರ್ಧ ಗೇಲಿ. ವರ್ಣತಂತು, ಅಂದರೆ ಕ್ರೋಮೋಸೋಮ್, ಎಣಿಸುವ ಲ್ಯಾಬಿನಲ್ಲಿ ನನಗೆ ಹನ್ನೊಂದು ವರ್ಷದ ಕೆಲಸ. ಜೀವಕೋಶ ಒಡೆದು ಎರಡಾಗಲು ಹೊರಟಾಗ ಅದನ್ನು ನಡುದಾರಿಯಲ್ಲಿ ತಡೆಯುತ್ತೇವೆ. ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಒಳಗಿರುವ ವರ್ಣತಂತುಗಳ ಚಿತ್ರ ತೆಗೆದು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಜೋಡಿಯಾಗಿ ಸಾಲು ನಿಲ್ಲಿಸುತ್ತೇವೆ. ಇಪ್ಪತ್ತಮೂರು ಜೋಡಿ, ಒಟ್ಟು ನಲವತ್ತಾರು. ಹೆಚ್ಚುಕಡಿಮೆ ಇದ್ದರೆ ಬರೆಯುತ್ತೇವೆ. ನಮ್ಮಲ್ಲಿಗೆ ಬರುವುದರಲ್ಲಿ ಅರ್ಧಕ್ಕರ್ಧ ಗರ್ಭ ನಿಲ್ಲದೆ ಹೋದವರ ಮಾದರಿಗಳೇ. ಯಾಕೆ ನಿಲ್ಲಲಿಲ್ಲ ಎಂದು ತಿಳಿಯುವ ಆಸೆಯಿಂದ ಕಳಿಸಿರುತ್ತಾರೆ.

ಅಕ್ಕನಿಗೆ ಮೂವತ್ತೊಂಬತ್ತು, ನನಗೆ ಮೂವತ್ತಮೂರು. ಅಮ್ಮ ತೀರಿಕೊಂಡಾಗ ನನಗೆ ಹನ್ನೆರಡು. ಅಂದಿನಿಂದ ನನ್ನ ಜಡೆ ಹೆಣೆದು, ಪರೀಕ್ಷೆಯ ಹಿಂದಿನ ದಿನ ಬೈದು, ಫೀಸಿನ ದಿನ ಸಾಲಿನಲ್ಲಿ ನಿಂತವಳು ಅವಳೇ. ಅವಳೂ ಭಾವನೂ ಸೇರಿ ಬೇಕರಿ ನಡೆಸುತ್ತಿದ್ದರು. ಒಳಗಿನದು ಅವಳದು, ವ್ಯಾನು, ಅಂಗಡಿಗಳ ಸುತ್ತಾಟ, ಮಾತುಕತೆ ಎಲ್ಲ ಭಾವನದು. ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲಿ, ಭಾವನಿಗೆ ಎಲ್ಲಿದೆಯೋ ಯಾರೂ ಕಂಡವರಿಲ್ಲ. ನಾಲ್ಕು ವರ್ಷದಿಂದ ಮಗುವಿಗಾಗಿ ಕಾದಿದ್ದರು.

ಈ ವರ್ಷ ನಿಂತಿತು. ಹತ್ತನೆಯ ವಾರದಲ್ಲಿ ಹೋಯಿತು. ಹೋದ ದಿನ ಬೆಳಿಗ್ಗೆ ಬೇಕರಿಯ ಬಾಗಿಲಲ್ಲಿ ಹಿಟ್ಟಿನ ಮೂಟೆ ಇಳಿದಿತ್ತು. 'ಸೊಂಟ ಹಿಡ್ಕೊಂಡಿದೆ, ಹತ್ತು ನಿಮಿಷ ಇರು, ನಾನೇ ಎತ್ತಿಡ್ತೀನಿ' ಎಂದು ಭಾವ ಬೆಂಚಿನ ಮೇಲೆ ಅಡ್ಡಾದರು. ಅಕ್ಕನಿಗೆ ಹತ್ತು ನಿಮಿಷ ಎಂದರೆ ಹತ್ತು ವರ್ಷ. ಮೂಟೆಯನ್ನು ತಾನೇ ತಬ್ಬಿ ಎತ್ತಿ ಒಳಗೆ ತಂದಳು. ಮಧ್ಯಾಹ್ನದ ಹೊತ್ತಿಗೆ ರಕ್ತ ಕಂಡಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸ್ಕ್ಯಾನಿನಲ್ಲಿ ಅಳೆಯುವುದಕ್ಕೇ ಏನೂ ಉಳಿದಿರಲಿಲ್ಲ.

ಹೊರಬಂದದ್ದನ್ನು ಡಾಕ್ಟರು ಪರೀಕ್ಷೆಗೆ ಕಳಿಸಿದರು. ಮಾರನೆಯ ದಿನ ನಮ್ಮ ಲ್ಯಾಬಿಗೆ ಬಂದ ಡಬ್ಬಿಗಳಲ್ಲಿ ಒಂದರ ಮೇಲೆ ಅಕ್ಕನ ಹೆಸರಿತ್ತು. ನೆಂಟರ ಮಾದರಿಯನ್ನು ನೆಂಟರು ಮುಟ್ಟಬಾರದು ಎಂಬುದು ನಮ್ಮಲ್ಲಿ ಗೋಡೆಗೆ ಅಂಟಿಸಿದ ನಿಯಮ. ಅಂಟಿಸಿದವಳು ನಾನೇ. ಆದರೂ ಡಬ್ಬಿಯನ್ನು ಪಕ್ಕದವಳಿಗೆ ಕೊಡಲು ಕೈ ಬರಲಿಲ್ಲ. ಅವಳು ಪಾಪ ಚೆನ್ನಾಗಿಯೇ ಕೆಲಸ ಮಾಡುತ್ತಾಳೆ, ಆದರೆ ಕೆಲಸ ಮಾಡುತ್ತಾ ಹಾಡು ಗುನುಗುತ್ತಾಳೆ. ನಮ್ಮಕ್ಕನದನ್ನು ಗುನುಗುತ್ತಾ ಮಾಡುವುದು ಬೇಡ ಎನಿಸಿತು. ನನ್ನಷ್ಟು ಜೋಪಾನವಾಗಿ ಇದನ್ನು ಯಾರು ಮಾಡಿಯಾರು ಎಂಬ ಜಂಬವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಡಬ್ಬಿಯಲ್ಲಿ ಬರುವುದು ಮಗುವಿನದೂ ತಾಯಿಯದೂ ಬೆರೆತ ಅಂಗಾಂಶ. ಉಪ್ಪುನೀರಿನ ತಟ್ಟೆಯಲ್ಲಿ ತೇಲಿಬಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಬೇರ್ಪಡಿಸಬೇಕು. ಮಗುವಿನ ಕಡೆಯ ಎಳೆಗಳು ಬಿಳಿ ಬೇರಿನ ಹಾಗೆ ಕವಲೊಡೆದು ನಿಲ್ಲುತ್ತವೆ, ತಾಯಿಯದು ಮೆತ್ತಗೆ ಚೂರುಚೂರಾಗಿರುತ್ತದೆ. ಸಾವಿರಾರು ಸಲ ಆರಿಸಿದ್ದೇನೆ. ಅಂದು ಮಾತ್ರ ಕಣ್ಣು ತುಂಬಿ ತುಂಬಿ ಬಂದು ಗಾಜಿನ ಮೇಲೆ ಆವಿ ಕೂರುತ್ತಿತ್ತು. ಒರೆಸುವುದು, ನೋಡುವುದು, ಒರೆಸುವುದು. ಕೊನೆಗೆ ಯಾವುದನ್ನೋ ಆರಿಸಿ, ಮಿಕ್ಕಿದ್ದನ್ನು ಫ್ರೀಜರಿನಲ್ಲಿಟ್ಟು, ಆರಿಸಿದ್ದನ್ನು ಬೆಳೆಯಲು ಇಟ್ಟೆ.

ಎರಡು ವಾರದ ಮೇಲೆ ಇಪ್ಪತ್ತು ಕೋಶ ಎಣಿಸಿದೆ. ಇಪ್ಪತ್ತರಲ್ಲೂ ನಲವತ್ತಾರು. ಹೆಣ್ಣು. ಎಲ್ಲ ಸರಿ.

'ಹೆಣ್ಣು, ಎಲ್ಲ ಸರಿ' ಎಂದು ಬಂದರೆ ನಮ್ಮ ಲ್ಯಾಬಿನಲ್ಲಿ ಯಾರೂ ಅದನ್ನು ತಕ್ಷಣ ನಂಬುವುದಿಲ್ಲ. ತಾಯಿಯೂ ಹೆಣ್ಣೇ ಅಲ್ಲವೆ? ತಟ್ಟೆಯಲ್ಲಿ ಬೆಳೆದದ್ದು ಮಗುವಿನ ಕೋಶವೋ ತಾಯಿಯದೋ ಎಂದು ಅವಳ ರಕ್ತದ ಜೊತೆ ಹೋಲಿಸಿ ನೋಡುವವರೆಗೆ ರಿಪೋರ್ಟಿಗೆ ಸಹಿ ಬೀಳುವುದಿಲ್ಲ. ಹೊಸಬರು ಸೇರಿದ ಮೊದಲ ವಾರದಲ್ಲೇ ನಾನು ಬೆರಳು ಆಡಿಸಿ ಕಲಿಸುವ ಪಾಠ ಇದು. ಅಕ್ಕ ದಿನಕ್ಕೆ ಆರು ಸಲ ಫೋನು ಮಾಡುತ್ತಿದ್ದಳು. 'ಏನಾದ್ರೂ ಹೇಳೇ, ಏನಾದ್ರೂ.' ಹೋಲಿಕೆಯ ಯಂತ್ರ ಕೆಟ್ಟು ಕೂತಿತ್ತು, ಇನ್ನೂ ವಾರಗಟ್ಟಲೆ ಕಾಯಬೇಕಿತ್ತು. ಏಳನೆಯ ಫೋನಿಗೆ ನನ್ನ ನಾಲಿಗೆ ಜಾರಿತು.

'ಹೆಣ್ಣು ಮಗು ಅಕ್ಕಾ. ಎಲ್ಲ ಸರಿಯಾಗಿತ್ತು.'

ಸಮಾಧಾನದ ಮಾತು ಎಂದುಕೊಂಡು ಹೇಳಿದೆ. ಎಂಥ ದಡ್ಡಿ ನಾನು! ಅಕ್ಕ ಕೇಳಿದಳು, 'ಎಲ್ಲ ಸರಿ ಇದ್ದಿದ್ದು ಯಾಕೆ ಹೋಯ್ತು ಹಾಗಾದ್ರೆ?' ಉತ್ತರ ಅವಳಲ್ಲೇ ಇತ್ತು. ಮೂಟೆ.

ಚಿತ್ರ ಕಳಿಸು ಎಂದು ಪೀಡಿಸಿದಳು, ಅದನ್ನೂ ಕಳಿಸಿದೆ. ಜಾರಿದವಳು ಪೂರ್ತಿ ಜಾರಿದೆ. ಇಪ್ಪತ್ತಮೂರು ಜೋಡಿ ಕಪ್ಪು ಗೆರೆಗಳ ಆ ಚಿತ್ರವನ್ನು ಅವಳು ದಿನ ಬೆಳಗಾದರೆ ನೋಡುತ್ತಿದ್ದಳು. 'ಮೊದಲ್ನೇ ಜೋಡಿ ಎಷ್ಟು ಉದ್ದ ಇದೆ ನೋಡು, ಎತ್ತರದ ಹುಡುಗಿ ಆಗ್ತಿದ್ಲು' ಎಂದಳು ಒಮ್ಮೆ. ವರ್ಣತಂತುವಿಗೂ ಎತ್ತರಕ್ಕೂ ಹಾಗೆಲ್ಲ ಸಂಬಂಧವಿಲ್ಲ ಎಂದು ಹೇಳಲು ಬಾಯಿ ತೆರೆದು ಮುಚ್ಚಿದೆ.

ಒಂದು ವಾರ ಕಳೆಯುವುದರೊಳಗೆ ಅವಳು ಭಾವನಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. 'ನಿಮ್ಮ ಹತ್ತು ನಿಮಿಷದ ಸೊಂಟನೋವಿಗೆ ನನ್ನ ಮಗಳು ಹೋದ್ಳು. ನಿಮ್ಮ ಮುಖ ನೋಡಿದ್ರೆ ನಂಗೆ ಮೂಟೆ ಕಾಣುತ್ತೆ.' ಭಾವ ಎದುರುತ್ತರ ಕೊಡಲಿಲ್ಲ. ಎರಡು ಅಂಗಿ ಚೀಲಕ್ಕೆ ತುರುಕಿಕೊಂಡು, ವ್ಯಾನಿನ ಬೀಗದ ಕೈಯನ್ನು ಗಲ್ಲಾದ ಮೇಲಿಟ್ಟು, ಗೆಳೆಯನ ಟೈರ್ ಅಂಗಡಿಯ ಮೇಲಿನ ಕೋಣೆಗೆ ಹೋದರು. ಆ ಮೌನವನ್ನು ಅಕ್ಕ ಒಪ್ಪಿಗೆ ಎಂದೇ ತಿಳಿದಳು.

ಶುಕ್ರವಾರ ಲ್ಯಾಬಿನ ಮುಖ್ಯಸ್ಥೆ ನನ್ನನ್ನು ಕರೆದರು. ನಿವೃತ್ತಿಗೆ ಎರಡು ವರ್ಷ ಇರುವ, ಎಲ್ಲರೂ ದೊಡ್ಡ ಮೇಡಂ ಎನ್ನುವ ಹೆಂಗಸು. ಮೇಜಿನ ಮೇಲೆ ಎರಡು ಹಾಳೆ ಇದ್ದವು. ಒಂದರಲ್ಲಿ ಹೋಲಿಕೆಯ ಫಲಿತಾಂಶ: ನಾನು ಎಣಿಸಿದ ಇಪ್ಪತ್ತು ಕೋಶಗಳೂ ಅಕ್ಕನವೇ, ಎಳ್ಳಷ್ಟೂ ಬೇರೆಯಲ್ಲ. ಇನ್ನೊಂದರಲ್ಲಿ ಅವರೇ ಫ್ರೀಜರಿನಿಂದ ಮಿಕ್ಕ ಅಂಗಾಂಶ ತೆಗೆದು ಮಾಡಿದ ಹೊಸ ಪರೀಕ್ಷೆ: ಗಂಡು, ನಲವತ್ತೇಳು. ಹದಿನಾರನೆಯ ಜೋಡಿಯ ಜಾಗದಲ್ಲಿ ಮೂರು. ಹದಿನಾರು ಹಾಗೆ ಮೂರಾದ ಮಗು ಎಲ್ಲಿಯೂ ಉಳಿಯುವುದಿಲ್ಲ. ಮೂಟೆ ಎತ್ತಿದರೂ ಉಳಿಯದು, ಹಾಸಿಗೆ ಬಿಟ್ಟು ಏಳದಿದ್ದರೂ ಉಳಿಯದು.

'ನೀನೇ ಯಾಕೆ ಆರಿಸಿದೆ?'

'ಬೇರೆಯವರು ಸರಿಯಾಗಿ ಮಾಡಲ್ಲ ಅನಿಸ್ತು ಮೇಡಂ.'

'ನೀನು ಮಾಡಿದ್ದು ಹೇಗಿದೆ ಈಗ?' ನಾನು ತಲೆ ತಗ್ಗಿಸಿದೆ. ಅವರು ಕನ್ನಡಕ ತೆಗೆದರು. 'ಮನೇಲಿ ಏನೂ ಹೇಳಿಲ್ಲ ತಾನೆ?' ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಬೈದರು, ಚೆನ್ನಾಗಿ ಬೈದರು. ಬೈಗುಳ ಮುಗಿದ ಮೇಲೆ ನಾನು ಇನ್ನೂ ಎದ್ದು ಹೋಗದೆ ನಿಂತಿದ್ದೆ. ಇನ್ನೊಂದು ಮುಳ್ಳು ಒಳಗೆ ಚುಚ್ಚುತ್ತಿತ್ತು.

ಗರ್ಭ ನಿಂತ ಆ ತಿಂಗಳು ಅಕ್ಕ ಮೊಟ್ಟೆ ಬಿಡುಗಡೆಯಾಗುವ ದಿನ ತಿಳಿಸುವ ಮೂತ್ರಪರೀಕ್ಷೆಯ ಪಟ್ಟಿಯನ್ನು ದಿನಾ ನೋಡಿಕೊಳ್ಳುತ್ತಿದ್ದಳು. ಮುಟ್ಟಾದ ಹದಿನಾಲ್ಕನೆಯ ದಿನದ ಸುಮಾರಿಗೆ ಬರಬೇಕಾದ ಗೆರೆ ಇಪ್ಪತ್ತಾದರೂ ಬರಲಿಲ್ಲ. ಇಪ್ಪತ್ತಾರನೆಯ ದಿನ ಬಂತು. ಅಂದು ಅವಳು ಕುಣಿದಾಡುತ್ತಾ ಫೋನು ಮಾಡಿದಾಗ, 'ತಡ ಆದ್ರೇನು, ಬಂತಲ್ಲ' ಎಂದು ನಾನೂ ಕುಣಿದಿದ್ದೆ. ತಡವಾಗಿ ಬಿಡುಗಡೆಯಾಗುವ ಮೊಟ್ಟೆಯ ಬಗ್ಗೆ ಓದಿದ್ದೆಲ್ಲ ನನ್ನ ತಲೆಯಲ್ಲಿತ್ತು. ಆ ಸಂತೋಷದ ಮುಂದೆ ಅದನ್ನು ಎತ್ತಲಿಲ್ಲ.

'ಅದರಿಂದಲೇ ಆಗಿರಬಹುದಾ ಮೇಡಂ?'

ಅವರು ಕುರ್ಚಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. 'ಕೂತ್ಕೋ. ನಿಂಗೆ ಗೊತ್ತಿರೋದನ್ನೇ ಹೇಳ್ತೀನಿ, ಗೊತ್ತಿಲ್ಲದವಳ ಹಾಗೆ ಕೇಳು. ಹೆಣ್ಣುಮಗು ಹುಟ್ಟೋಕೆ ಮುಂಚೆನೇ ಅದರ ಮೊಟ್ಟೆಗಳೆಲ್ಲ ತಯಾರಾಗಿರುತ್ತೆ. ವರ್ಣತಂತುಗಳು ಜೋಡಿ ಕಟ್ಟಿಕೊಂಡು, ಬೇರೆ ಆಗೋದಕ್ಕೆ ಹೊರಟು, ಅರ್ಧದಲ್ಲಿ ನಿಂತುಬಿಡುತ್ತೆ. ನಿಮ್ಮಕ್ಕಂದು ಮೂವತ್ತೊಂಬತ್ತು ವರ್ಷ ಹಾಗೇ ನಿಂತಿತ್ತು. ತಿಂಗಳ ಕರೆ ಬಂದಾಗ ಒಂದೂವರೆ ದಿನದೊಳಗೆ ಎದ್ದು ಕೆಲಸ ಮುಗಿಸಬೇಕು. ಜೋಡಿ ಬಿಡಿಸಬೇಕು, ಒಂದೊಂದನ್ನ ಇಟ್ಕೊಂಡು ಒಂದೊಂದನ್ನ ಆಚೆ ಹಾಕಬೇಕು. ಅಷ್ಟು ವರ್ಷ ಹಿಡಿದಿಟ್ಟ ಕಟ್ಟು ಸಡಿಲ ಆಗಿದ್ರೆ ಒಂದು ತಪ್ಪಿ ಒಳಗೇ ಉಳಿಯುತ್ತೆ. ಅದಕ್ಕೆ ವಯಸ್ಸೇ ದೊಡ್ಡ ಕಾರಣ.'

'ತಡ ಆಗಿದ್ದು?'

'ಹಣ್ಣಾದ ಮೊಟ್ಟೆ ಸಮಯ ಮೀರಿ ಒಳಗೇ ಕೂತ್ರೆ ಕೆಡಬಹುದು ಅಂತ ಹಳೇ ವಾದ. ಕಪ್ಪೆಗಳಲ್ಲಿ ನೋಡಿದ್ದಾರೆ, ಇಲಿಗಳಲ್ಲಿ ನೋಡಿದ್ದಾರೆ. ಮನುಷ್ಯರಲ್ಲಿ ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಕಾಣಲಿಲ್ಲ ಅಂತಾರೆ. ಅದೂ ಅಲ್ಲದೆ ಗೆರೆ ತಡವಾಗಿ ಬಂದ ಮಾತ್ರಕ್ಕೆ ಮೊಟ್ಟೆ ಹಣ್ಣಾಗಿ ಕಾದಿತ್ತು ಅಂತ ಅಲ್ಲ, ಹಣ್ಣಾಗೋದೇ ತಡ ಆಗಿರಬಹುದು. ಇರಬಹುದು, ಇಲ್ಲದೇ ಇರಬಹುದು. ನಿಮ್ಮಕ್ಕನ ಆ ಒಂದು ಮೊಟ್ಟೆಗೆ ಏನಾಯ್ತು ಅಂತ ಹೇಳೋಕೆ ಯಾರಿಂದಲೂ ಆಗಲ್ಲ.' ಹಾಳೆಗಳನ್ನು ಜೋಡಿಸಿಟ್ಟರು. 'ಬುಧವಾರ ರಿಪೋರ್ಟ್ ಡಾಕ್ಟರ ಮೇಜಿಗೆ ಹೋಗುತ್ತೆ. ಅದಕ್ಕೆ ಮುಂಚೆ ನೀನು ಹೇಳು.'

ಶುಕ್ರವಾರವೇ ಹೇಳಬೇಕಿತ್ತು. ಹೇಳಿದರೆ ಭಾವನ ತಲೆಯ ಮೇಲಿನ ಅಪವಾದ ಇಳಿಯುತ್ತದೆ, ನಿಜ. ಆದರೆ ಅಕ್ಕನನ್ನು ನಾನು ಬಲ್ಲೆ. ಅಪವಾದವನ್ನು ಅವಳು ಖಾಲಿ ನೆಲದ ಮೇಲೆ ಇಳಿಸುವವಳಲ್ಲ. ತನ್ನ ವಯಸ್ಸು, ತನ್ನ ಮೊಟ್ಟೆ, ಇಪ್ಪತ್ತಾರನೆಯ ದಿನ ಎಂದು ಎಲ್ಲವನ್ನೂ ತಾನೇ ಹೊತ್ತುಕೊಳ್ಳುತ್ತಾಳೆ. ಜೊತೆಗೆ ಅವಳ ಆ ಎತ್ತರದ ಹುಡುಗಿಯನ್ನು ನಾನೇ ಕೈಯಾರೆ ಕಿತ್ತುಕೊಳ್ಳಬೇಕು. ಶನಿವಾರ ಬೇಕರಿಗೆ ಹೋಗಿ ಸುಮ್ಮನೆ ಕೂತು ಬಂದೆ. ಭಾನುವಾರ ಮನೆಯ ಕಪಾಟುಗಳನ್ನೆಲ್ಲ ಒರೆಸಿದೆ. ಸೋಮವಾರ ಬಸ್ಸು ಹತ್ತಿ, ಒಂದು ಸ್ಟಾಪು ಮುಂಚೆ ಇಳಿದು, ವಾಪಸು ಬಂದೆ. ಭಾವನ ಲಾರಿಯ ವಿಷಯ ಮಂಗಳವಾರ ಬೆಳಿಗ್ಗೆ ಅಕ್ಕನ ಫೋನಿನಿಂದಲೇ ಕಿವಿಗೆ ಬಿತ್ತು. ಆಮೇಲೆ ಬೇರೆ ದಾರಿಯೇ ಉಳಿಯಲಿಲ್ಲ. ಮೂರನೆಯ ಸುತ್ತು ಮುಗಿಸಿ ಬೇಕರಿಯೊಳಗೆ ಕಾಲಿಟ್ಟೆ.

'ಬಾ ಡಾಕ್ಟ್ರಮ್ಮಾ' ಎಂದಳು ಅಕ್ಕ, ತಲೆ ಎತ್ತದೆ. 'ಮೂರು ಸಲ ಆಚೆ ಹೋಗಿದ್ದು ನೋಡ್ದೆ. ಪೊಲೀಸರ ಗಸ್ತಾ?'

ಹಿಟ್ಟು ತುಂಡರಿಸಿ, ಅಂಗೈಯಲ್ಲಿ ಉರುಟಾಗಿಸಿ, ಟ್ರೇಯಲ್ಲಿ ಇಡುತ್ತಿದ್ದಳು. ಸಂಜೆಯ ಬನ್ನುಗಳು. ನಾಲ್ಕು ಟ್ರೇ ಆಗಲೇ ಉಬ್ಬಲು ಇಟ್ಟಾಗಿತ್ತು. ಓವನ್ನಿನ ಬಿಸಿಗೆ ನನ್ನ ಬೆನ್ನು ಬೆವೆತಿತು, ಅಥವಾ ಬಿಸಿಗೆ ಎಂದು ಹೇಳಿಕೊಂಡೆ. ನನ್ನ ಕೈಯಲ್ಲಿದ್ದ ಕ್ಲಿಪ್ಪಿನ ಪೊಟ್ಟಣವನ್ನು ಗಲ್ಲಾದ ಮೇಲಿಟ್ಟೆ, ತೆಗೆದೆ, ಮತ್ತೆ ಇಟ್ಟೆ.

'ಅಕ್ಕಾ, ನಾನು ಫೋನಲ್ಲಿ ಹೇಳಿದ್ದು ತಪ್ಪು.'

'ಯಾವುದು?'

'ಎಲ್ಲಾನೂ.'

ಅವಳ ಕೈ ನಿಂತಿತು. ನಾನು ನಿಲ್ಲಲಿಲ್ಲ, ನಿಂತರೆ ಮತ್ತೆ ಶುರು ಮಾಡಲಾರೆ ಎಂದು ಗೊತ್ತಿತ್ತು. ಡಬ್ಬಿ, ತಟ್ಟೆ, ಕಣ್ಣೀರು, ತಪ್ಪು ಚೂರು, ಹೋಲಿಕೆಗೆ ಕಾಯದೆ ಬಾಯಿಬಿಟ್ಟದ್ದು, ಎರಡನೆಯ ಪರೀಕ್ಷೆ, ಹದಿನಾರನೆಯ ಜೋಡಿಯಲ್ಲಿ ಮೂರು, ಎಲ್ಲವನ್ನೂ ಒಂದೇ ಉಸಿರಿಗೆ ಸುರಿದೆ. ಹುಡುಗ ಎಂದೂ ಹೇಳಿದೆ.

'ಫೋಟೋದಲ್ಲಿರೋ ಹುಡುಗಿ ಯಾರು ಹಾಗಾದ್ರೆ?'

'ನೀನು ಅಕ್ಕಾ. ಅದು ನಿನ್ನ ಕೋಶ. ನೀನೇ.'

ಅವಳು ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು, ಎರಡೂ ಕಡೆ, ಬೆರಳು ಬೆರಳಾಗಿ. 'ಇಷ್ಟು ದಿನ ನಾನು ನನ್ನ ಫೋಟೋ ನೋಡ್ಕೊಂಡು ಅತ್ತಿದ್ದಾ?' ಎಂದಳು. ನಗು ಬಂದ ಹಾಗಾಗಿ ಬಾಯಿ ಸೊಟ್ಟಗಾಯಿತು, ನಗು ಬರಲಿಲ್ಲ. 'ಇಲ್ಲದೇ ಇರೋ ಹುಡುಗಿಗೆ ನಾನು ಉದ್ದ ಲಂಗ ಹೊಲಿಸಿದ್ದೆ ಕಣೇ ಮನಸ್ಸಲ್ಲಿ. ಇದ್ದಿದ್ದ ಹುಡುಗನ್ನ ಒಂದು ದಿನಾನೂ ನೆನೆಸ್ಕೊಳ್ಳಲಿಲ್ಲ.'

ತಪ್ಪಾಯ್ತು ಎಂದೆ, ನಾಲ್ಕೈದು ಸಲ ಎಂದೆ. ಅವಳು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

'ಯಾಕೆ ಮೂರಾಯ್ತು?'

ಈ ಪ್ರಶ್ನೆಗೆ ನಾನು ನಾಲ್ಕು ದಿನ ತಯಾರಿ ನಡೆಸಿದ್ದೆ. 'ನೋಡು ಅಕ್ಕಾ, ಈಗ ಹಿಟ್ಟು ಇದೆಯಲ್ಲ, ಅದು ಉಬ್ಬೋಕೆ ಒಂದು ಹೊತ್ತು ಅಂತ ಇರುತ್ತೆ...'

'ಹಿಟ್ಟಿನ ವಿಷಯ ನಂಗೆ ಬಿಡು. ಮೊಟ್ಟೆ ವಿಷಯ ಹೇಳು.'

ಹೇಳಿದೆ. ಅಮ್ಮ ಇವಳನ್ನು ಹೊತ್ತಿದ್ದಾಗಲೇ ಆ ಮೊಟ್ಟೆ ಇವಳೊಳಗೆ ತಯಾರಾಗಿ, ಜೋಡಿ ಕಟ್ಟಿಕೊಂಡು ಕಾದಿದ್ದು, ಬಿಡಿಸುವ ಹೊತ್ತಿಗೆ ಒಂದು ತಪ್ಪಿದ್ದು. ವಯಸ್ಸು. ಕೊನೆಗೆ ಇಪ್ಪತ್ತಾರನೆಯ ದಿನ. ಇರಬಹುದು, ಇಲ್ಲದೇ ಇರಬಹುದು, ಯಾರಿಂದಲೂ ಹೇಳಲಾಗದು, ಹೇಗೂ ನಿನ್ನ ಕೈಯಲ್ಲಿ ಇದ್ದದ್ದಲ್ಲ ಎಂದು ಒತ್ತಿ ಒತ್ತಿ ಹೇಳಿದೆ. ಅಕ್ಕ ಒಂದೊಂದಕ್ಕೂ ತಲೆಯಾಡಿಸಿದಳು. ಈಗ ಒಡೆಯುತ್ತಾಳೆ, ಈಗ ತನ್ನ ಹೊಟ್ಟೆಗೆ ತಾನೇ ಹೊಡೆದುಕೊಳ್ಳುತ್ತಾಳೆ ಎಂದು ನಾನು ಮೇಜಿನ ಈಚೆಯಿಂದ ಆಚೆ ಹೋಗಿ ಅವಳ ಪಕ್ಕದಲ್ಲೇ ನಿಂತೆ. ಅವಳು ಕೇಳಿದ್ದು ಬೇರೆಯದೇ.

'ನಿಂಗೆ ಯಾವತ್ತು ಗೊತ್ತಾಯ್ತು ಇದು?'

'ಶುಕ್ರವಾರ.'

'ಇವತ್ತು ಮಂಗಳವಾರ.' ಅಕ್ಕನ ಧ್ವನಿ ಏರಿತು. 'ಶನಿವಾರ ಬಂದಿದ್ಯಲ್ಲೇ! ಇಲ್ಲೇ ಕೂತು ಎರಡು ಬನ್ ತಿಂದ್ಯಲ್ಲೇ! ಬೆಣ್ಣೆ ಬೇಕು ಅಂತ ಕೇಳಿದ್ಯಲ್ಲೇ!'

'ಹೆದರಿಕೆ ಆಯ್ತು ಅಕ್ಕಾ.'

'ಏನಕ್ಕೆ ಹೆದರಿಕೆ? ಕಣ್ಣು ಮಂಜಾಯ್ತು, ಚೂರು ತಪ್ಪಿ ಹೋಯ್ತು, ಅದು ಬಿಡು. ನಂಗೂ ಬನ್ನು ಸೀದು ಹೋಗುತ್ತೆ. ಬಾಯಿ ತಡ್ಕೊಳ್ಳೋಕಾಗ್ಲಿಲ್ಲ, ಅದೂ ಬಿಡು, ನಾನೇ ಪೀಡಿಸ್ದೆ. ಆದ್ರೆ ಗೊತ್ತಾದ ಮೇಲೆ ನಾಲ್ಕು ದಿನ ಇಟ್ಕೊಂಡು ಕೂತ್ಯಲ್ಲ, ಅದಕ್ಕೆ ಏನು ಹೇಳ್ತೀಯಾ? ಏನೂ ಮಾಡದ ಮನುಷ್ಯ ನಾಲ್ಕು ದಿನ ಹೆಚ್ಚಿಗೆ ಟೈರಿನ ವಾಸನೇಲಿ ಮಲಗಿದಾನೆ. ನಾಳೆ ಹೊರಟೇ ಹೋಗ್ತಿದ್ದ!'

ಅವಳು ಏಪ್ರನ್ನು ಬಿಚ್ಚಿ ಎಸೆದಳು. ಓವನ್ನಿನ ಗುಂಡಿ ತಿರುಗಿಸಿ ಆರಿಸಿದಳು. ಉಬ್ಬುತ್ತಿದ್ದ ನಾಲ್ಕು ಟ್ರೇ ಕಡೆ ನಾನು ನೋಡಿದೆ. 'ಇವು?'

'ಹಾಳಾಗಿ ಹೋಗ್ಲಿ. ನಡಿ.'

ಅರ್ಧ ಓಡಿದೆವು. ಅಕ್ಕ ಮುಂದೆ, ನಾನು ಹಿಂದೆ, ಹೊಸ ಹೊಲಿಗೆ ಬಿದ್ದ ಚಪ್ಪಲಿ ಕಾಲನ್ನು ಕಚ್ಚುತ್ತಿತ್ತು. ಕೂದಲಿಗೆ ಹಿಟ್ಟು ಮೆತ್ತಿಕೊಂಡಿದ್ದ ಹೆಂಗಸಿಗೆ ದಾರಿಯಲ್ಲಿ ಎಲ್ಲರೂ ಜಾಗ ಬಿಟ್ಟರು. ಸಿಗ್ನಲ್ಲಿನಲ್ಲಿ ನಿಂತಾಗಲೂ ಅವಳ ಕಾಲು ನಿಲ್ಲಲಿಲ್ಲ. 'ಬೈಸ್ಕೊಂಡ್ರಲ್ಲ, ಒಂದು ಮಾತಾದ್ರೂ ತಿರುಗಿ ಆಡಬಾರ್ದಿತ್ತಾ?' ಎಂದಳು, ನನಗಲ್ಲ, ಕೆಂಪು ದೀಪಕ್ಕೆ.

ಭಾವ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡುತ್ತಿದ್ದರು. ಗಡ್ಡ ಬಂದಿತ್ತು. ಅಕ್ಕನನ್ನು ಕಂಡು ಏಳಲು ಹೋಗಿ, ಏಳಬೇಕೋ ಬೇಡವೋ ತಿಳಿಯದೆ ಅಲ್ಲೇ ಉಳಿದರು.

'ಹೇಳು' ಎಂದಳು ಅಕ್ಕ ನನಗೆ.

'ಭಾವ, ಅದು ಮೂಟೆಯಿಂದ ಅಲ್ಲ. ಮಗುವಿಗೆ ಒಂದು ವರ್ಣತಂತು ಹೆಚ್ಚಿತ್ತು. ಮೊದಲ ದಿನದಿಂದಲೇ ಇತ್ತು. ಅದು ಉಳಿಯೋ ಮಗು ಆಗಿರಲಿಲ್ಲ. ನಾನು ಮೊದಲು ತಪ್ಪು ಹೇಳಿಬಿಟ್ಟೆ.'

'ಮೂಟೆ ನಾನೇ ಎತ್ತಿದ್ರೆ?'

'ನೀವು ಎತ್ತಿದ್ರೂ ಹೋಗ್ತಿತ್ತು. ಯಾರೂ ಎತ್ತದೇ ಇದ್ರೂ ಹೋಗ್ತಿತ್ತು.'

ಅವರ ಕೈ ಇನ್ನೂ ನೀರಿನೊಳಗೇ ಇತ್ತು. 'ಇನ್ನೊಂದ್ಸಲ ಹೇಳಮ್ಮ' ಎಂದರು. ಹೇಳಿದೆ, ಅದೇ ಮಾತುಗಳನ್ನು, ಅದೇ ಕ್ರಮದಲ್ಲಿ. ಅವರು ನನ್ನ ತುಟಿಯನ್ನೇ ನೋಡುತ್ತಾ ಕೇಳಿದರು.

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. 'ನನ್ನ ಮೊಟ್ಟೆದೇ ತಪ್ಪಂತೆ. ವಯಸ್ಸಾಗಿದೆಯಂತೆ. ಆ ತಿಂಗಳು ತಡ ಬೇರೆ ಆಗಿತ್ತಲ್ಲ, ಅದೂ ಇರಬಹುದಂತೆ, ಖಾತ್ರಿ ಇಲ್ಲವಂತೆ. ನಾನು ನಿಮಗೆ ಬಾಯಿಗೆ ಬಂದಿದ್ದೆಲ್ಲ ಅಂದೆ. ಈಗ ನಿಮ್ಮ ಸರದಿ. ಅನ್ನಿ.' ಕೈ ಕಟ್ಟಿಕೊಂಡು, ಹೊಡೆತಕ್ಕೆ ಸಿದ್ಧಳಾದವಳ ಹಾಗೆ ಗದ್ದ ಎತ್ತಿ ನಿಂತಳು.

ಭಾವ ಟ್ಯೂಬನ್ನು ನೀರಿನಲ್ಲಿ ಬಿಟ್ಟು ಕೈ ಹೊರಗೆ ತೆಗೆದರು. 'ಆವತ್ತು ನಂಗೆ ಸೊಂಟ ನೋವಿರಲಿಲ್ಲ' ಎಂದರು ಮೆಲ್ಲಗೆ.

'ಏನು?'

'ನೋವಿರಲಿಲ್ಲ. ನಿದ್ದೆ ಬರ್ತಿತ್ತು. ಹತ್ತು ನಿಮಿಷ ಮಲಗೋಣ ಅನಿಸ್ತು, ಸುಳ್ಳು ಹೇಳಿದೆ. ನೀನು ಬೈದಾಗ ನಿಜ ಅನಿಸ್ತು. ಅದಕ್ಕೇ ಹೊರಟು ಬಂದೆ.'

ಈಗ ಅಕ್ಕ ಸಿಡಿಯುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ. 'ಕಳ್ಳ' ಎಂದಳು ಅಷ್ಟೇ, ಅದೂ ಗಂಟಲಲ್ಲೇ. ಹೋಗಿ ಅವರ ಪಕ್ಕದಲ್ಲಿದ್ದ ಲಾರಿ ಟೈರಿನ ಮೇಲೆ ಕೂತಳು. 'ನಾಳೆ ಹನ್ನೊಂದಕ್ಕೆ ಡಾಕ್ಟರ ಹತ್ರ ಹೋಗ್ಬೇಕು. ಇಬ್ಬರೂ.'

'ಬೆಳಿಗ್ಗೆ ಆರಕ್ಕೆ ಬರ್ತೀನಿ ಅಂತ ಲಾರಿಯವರಿಗೆ ಮಾತು ಕೊಟ್ಟಿದ್ದೀನಿ.'

'ನಂಗೂ ಕೊಟ್ಟಿದ್ರಿ.'

ಭಾವ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿ ಜೇಬಿನಿಂದ ಫೋನು ತೆಗೆದರು. ಲಾರಿಯವನಿಗೆ ಬರಲಾಗುವುದಿಲ್ಲ ಎಂದು ಹೇಳಿದರು. ಆ ಕಡೆಯಿಂದ ಕೂಗಾಟ ನಮಗೂ ಕೇಳಿಸಿತು. 'ಹೌದು ಸಾರ್, ತಪ್ಪು ನಂದೇ ಸಾರ್' ಎಂದು ಭಾವ ತಾಳ್ಮೆಯಿಂದ ಹೇಳುತ್ತಲೇ ಹೋದರು. ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿದರು.

'ಮಗಳು ಅಂದಿದ್ದೂ ತಪ್ಪಾ? ಹುಡುಗನಾ ಹುಡುಗಿನಾ? ನಂಗೆ ಅದು ಹೇಳಲೇ ಇಲ್ಲ ನೀನು.'

ನಿಜ, ಹೇಳಿರಲಿಲ್ಲ. ಎರಡು ಸಲ ವಿವರವಾಗಿ ಹೇಳಿದ್ದರಲ್ಲಿ ಮೂಟೆ ಇತ್ತು, ವರ್ಣತಂತು ಇತ್ತು, ನನ್ನ ತಪ್ಪು ಇತ್ತು. ಮಗು ಇರಲಿಲ್ಲ.

'ಹುಡುಗ ಭಾವ.'

ಅವರ ಮುಖ ಕುಸಿಯಿತು. ಆಸ್ಪತ್ರೆಯಲ್ಲಿ ಅಳಲಿಲ್ಲ, ಮನೆ ಬಿಟ್ಟಾಗಲೂ ಅಳಲಿಲ್ಲ. ತಪ್ಪು ಮಾಡಿದವನಿಗೆ ಅಳುವ ಹಕ್ಕು ಎಲ್ಲಿಯದು ಎಂದುಕೊಂಡಿದ್ದರೋ ಏನೋ. ಈಗ ಟೈರಿನ ಮಸಿ ಮೆತ್ತಿದ ಎರಡೂ ಕೈಯನ್ನು ಮುಖಕ್ಕೆ ಒತ್ತಿಕೊಂಡು, ದಾರಿಯಲ್ಲಿ ಹೋಗುವವರು ನೋಡುತ್ತಿದ್ದರೂ, ದೊಡ್ಡದಾಗಿ ಅತ್ತರು. ಅಕ್ಕ ಅವರ ಅಂಗಿಯ ತೋಳನ್ನು ಹಿಡಿದುಕೊಂಡಳು. ಅವಳ ಕಣ್ಣಿಂದಲೂ ನೀರು ಇಳಿದು ಹಿಟ್ಟಿನ ಕೆನ್ನೆಯ ಮೇಲೆ ಗೆರೆ ಬಿತ್ತು. ನಾನು ಎಲ್ಲಿ ನಿಲ್ಲಬೇಕೋ ತಿಳಿಯದೆ ಆಚೆಗೆ ಹೋದೆ, ಈಚೆಗೆ ಬಂದೆ.

'ಓಡಾಡಬೇಡ, ಬಾ ಇಲ್ಲಿ' ಎಂದಳು ಅಕ್ಕ. 'ಇನ್ನೊಂದ್ಸಲ ಹೇಳು. ಇಬ್ಬರಿಗೂ ಕೇಳೋ ಹಾಗೆ ಹೇಳು.'

ನಾನು ಅವರ ಎದುರು ನೆಲದ ಮೇಲೆ ಕೂತೆ. ಮೂರನೆಯ ಸಲ ಹೇಳಿದೆ, ಈ ಸಲ ಹುಡುಗ ಎಂಬಲ್ಲಿಂದ ಶುರು ಮಾಡಿ.